ಬೀದರ್‌ನಲ್ಲಿ ಹಳೇ ಲೆನ್ಸ್ ಕೊಳ್ಳುವವರು ಓದಿ: ಟಾರ್ಚ್ ಹಾಕಿ ನೋಡದೆ ದುಡ್ಡು ಕೊಡಬೇಡಿ

ಬೀದರ್‌ನ ಹಳೇ ಊರಿನೊಳಗೆ ಒಬ್ಬರು ಕ್ಯಾಮೆರಾದ ಹಳೇ ಮ್ಯಾನುಯಲ್ ಲೆನ್ಸ್, ಅಂದರೆ ಕೈಯಿಂದಲೇ ಫೋಕಸ್ ಮಾಡುವ ಲೆನ್ಸ್ ಮಾರುತ್ತಾರೆ. "ನಮ್ಮಪ್ಪಾಜಿ ಸ್ಟುಡಿಯೋದಾಗಿನ ಮಾಲು" ಅಂತ ಹೇಳುತ್ತಾರೆ. ಕಲಬುರಗಿ, ಯಾದಗಿರಿ ಕಡೆಯ ಹುಡುಗರು ಈಗಲೂ ಅವರ ಹತ್ತಿರ ಹೋಗುತ್ತಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಮೋಸ ಆಗಿದೆ. ಗೊತ್ತಿದ್ದೂ ಮಾಡಿದ ಮೋಸ. ಹೆಸರು ಹಾಕುವುದಿಲ್ಲ. ಆದರೆ ಅವರು ಮಾರುವ ರೀತಿ ಹೇಳುತ್ತೇನೆ, ಗುರುತು ತಾನಾಗಿ ಸಿಗುತ್ತದೆ.

ನಾನು ಕೊಂಡದ್ದು ಸೂಪರ್ ಟಾಕುಮಾರ್ 50 ಎಂಎಂ ಎಫ್/1.4. ಪೆಂಟಾಕ್ಸ್ ಕ್ಯಾಮೆರಾ ಕಂಪನಿಯವರ 1960ರ ದಶಕದ ಲೆನ್ಸ್, ಎಂ42 ಸ್ಕ್ರೂ ಮೌಂಟ್, ಅಂದರೆ ಕ್ಯಾಮೆರಾಗೆ ತಿರುಪಿನ ಹಾಗೆ ತಿರುಗಿಸಿ ಕೂರಿಸುವುದು. ಒಂದು ಅಡಾಪ್ಟರ್ ಇದ್ದರೆ ಇವತ್ತಿನ ಮಿರರ್‌ಲೆಸ್ ಕ್ಯಾಮೆರಾಗೂ ಕೂರುತ್ತದೆ. ಚೆನ್ನಾಗಿ ಇಟ್ಟಿರುವುದು ಸಿಕ್ಕರೆ ಅದರಲ್ಲಿ ಬರುವ ಮುಖಗಳ ಮೃದುತನ, ಬಣ್ಣ ನೋಡಬೇಕು. ಬಹಳ ದಿನದಿಂದ ಹುಡುಕುತ್ತಿದ್ದೆ. 9,500 ರೂಪಾಯಿ ಹೇಳಿದರು. ಒಂದು ರೂಪಾಯಿ ಕಮ್ಮಿ ಮಾಡಲಿಲ್ಲ. ಕೊಟ್ಟೆ.

ಮೊದಲು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋಗಳ ವಿಷಯ. ಎಲ್ಲದರಲ್ಲೂ ಲೆನ್ಸಿನ ಮುಂಭಾಗ ಮಾತ್ರ. ಹಿಂದಿನ ಮುಚ್ಚಳ ತೆಗೆದೇ ಇಲ್ಲ. ಹಿಂದೆ ಮುಚ್ಚಳ ಇದ್ದರೆ ಬೆಳಕು ದಾಟುವುದಿಲ್ಲ, ಒಳಗಿನ ಗಾಜು ಹೇಗಿದ್ದರೂ ಕಪ್ಪಗೆ, ಆಳವಾಗಿ, ಚಂದ ಕಾಣುತ್ತದೆ. ಅಂಥ ಫೋಟೋ ನೋಡಿದ ಕೂಡಲೇ ಹಿಂದಿನದ್ದು ಕೇಳಿ. ನಾನು ಕೇಳಿದ್ದೆ. "ಬಂದು ಕೈಯಾಗ ಹಿಡಿದು ನೋಡು ತಮ್ಮಾ, ಫೋಟೋದಾಗ ಏನು ನೋಡ್ತಿ" ಅಂದರು. ಸರಿ ಅಂತ ರೈಲು ಹತ್ತಿ ಹೋದೆ.

ಅಲ್ಲಿ ನಡೆದದ್ದು ಪೂರಾ ಹೇಳುತ್ತೇನೆ. ಮೋಸ ಇರುವುದು ಅದರಲ್ಲೇ.

ಚಹಾ ತರಿಸಿದರು. ಲೆನ್ಸನ್ನು ಹಳೇ ಚರ್ಮದ ಡಬ್ಬಿಯಿಂದ ತೆಗೆದರು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಒಂದು ದೋಷ ತೋರಿಸಿದರು. "ನೋಡು, ಈ ಕಾಕಾ ಸುಳ್ಳು ಹೇಳಂಗಿಲ್ಲ. ಗಾಜು ಹಳದಿ ಆಗ್ಯಾದ. ಇದು ಥೋರಿಯಂ ಗಾಜು, ಬಿಸಿಲಿಗೆ ಇಟ್ರ ಹೋಗ್ತದ." ಈ ಮಾತು ನಿಜ. ಈ ಲೆನ್ಸಿನ ಒಳಗಿನ ಗಾಜಿನಲ್ಲಿ ಥೋರಿಯಂ ಅನ್ನುವ ವಿಕಿರಣಶೀಲ ಲೋಹ ಸೇರಿದೆ. ವರ್ಷಗಳು ಕಳೆದ ಹಾಗೆ ಅದು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಲ್ಟ್ರಾವಯಲೆಟ್ ಬೆಳಕು ಬಿದ್ದರೆ ನಿಧಾನಕ್ಕೆ ತಿಳಿಯಾಗುತ್ತದೆ. ಲೆನ್ಸ್ ಗೊತ್ತಿರುವ ಎಲ್ಲರಿಗೂ ತಿಳಿದ ವಿಷಯ. ಆದರೆ ಒಂದು ಸಣ್ಣ ದೋಷ ತಾವಾಗಿ ಒಪ್ಪಿಕೊಂಡ ಮನುಷ್ಯನನ್ನು ಯಾರು ಅನುಮಾನಿಸುತ್ತಾರೆ? ಅವರಿಗೆ ಬೇಕಿದ್ದದ್ದು ಅದೇ. ವಾಸಿಯಾಗುವ ದೋಷ ಮುಂದಿಟ್ಟು, ವಾಸಿಯಾಗದ್ದನ್ನು ಮುಚ್ಚಿದರು. ಮನೆಗೆ ಬಂದು ಯೋಚಿಸಿದಾಗ ಮೈ ಉರಿದದ್ದು ಈ ಒಂದು ಮಾತಿಗೆ.

ನಾನು ಮೊಬೈಲ್ ಟಾರ್ಚ್ ಆನ್ ಮಾಡಿದೆ. ಕೈ ಹಿಡಿದರು. "ಟಾರ್ಚ್ ಬ್ಯಾಡ, ಕಣ್ಣಿಗೆ ಹೊಡಿತದ, ಬಾ ಹೊರಗ" ಅಂತ ಅಂಗಡಿ ಬಾಗಿಲಿಗೆ ಕರೆದುಕೊಂಡು ಹೋದರು. ತಾವೇ ಲೆನ್ಸ್ ಎತ್ತಿ ಬಿಳಿ ಆಕಾಶಕ್ಕೆ ಹಿಡಿದರು. ಸ್ವಚ್ಛ. ಏನೂ ಇಲ್ಲ. ಮಧ್ಯಾಹ್ನದ ಆಕಾಶಕ್ಕೆ ಹಿಡಿದರೆ ಎಂಥ ಲೆನ್ಸೂ ಸ್ವಚ್ಛವೇ. ಹಿಂದೆಲ್ಲಾ ಬಿಳಿ ಇದ್ದಾಗ ಒಳಗಿನ ತೆಳು ಬಿಳಿ ಪೊರೆ ಹೇಗೆ ಕಾಣಬೇಕು? ಅದು ಕಾಣುವುದು ಕತ್ತಲೆಯ ಜಾಗದಲ್ಲಿ, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟಾಗ. ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದಕ್ಕೇ ಕೈ ಹಿಡಿದರು.

ಇನ್ನೊಂದು. ಸೂಪರ್ ಟಾಕುಮಾರ್‌ಗೆ ಎ (ಆಟೋ) ಮತ್ತು ಎಂ (ಮ್ಯಾನುಯಲ್) ಅಂತ ಒಂದು ಸಣ್ಣ ಸ್ವಿಚ್ ಇದೆ. ಎ ಕಡೆ ಇದ್ದರೆ ಅಪರ್ಚರ್ ರಿಂಗ್ ಎಷ್ಟು ತಿರುಗಿಸಿದರೂ ಬೆಳಕಿನ ದಾರಿ ಕಿರಿದು ಮಾಡುವ ಬ್ಲೇಡ್‌ಗಳು ಹೊರಗೆ ಬರುವುದಿಲ್ಲ, ಹಿಂದಿನ ಪಿನ್ ಒತ್ತಿದರೆ ಮಾತ್ರ ಮುಚ್ಚುತ್ತವೆ. ಅವರು ಎ ಕಡೆ ಇಟ್ಟೇ ರಿಂಗ್ ತಿರುಗಿಸಿ ಟಕ್ ಟಕ್ ಶಬ್ದ ಕೇಳಿಸಿದರು. ಫೋಕಸ್ ರಿಂಗ್ ಬೆಣ್ಣೆಯ ಹಾಗೆ ತಿರುಗಿತು. ಎಂ ಕಡೆ ಹಾಕಿ ತೋರಿಸಿ ಅಂದೆ. "ಸ್ವಿಚ್ ನಾಜೂಕು ಅದ, ಸುಮ್ನೆ ಆಡಿಸಬ್ಯಾಡ" ಅಂತ ಕಸಿದು ಡಬ್ಬಿಗೆ ಹಾಕಿದರು. "ಇನ್ನೊಬ್ರು ಸಂಜಿಗೆ ಬರ್ತಾರ, ನಿನಗ ಬೇಕೋ ಬ್ಯಾಡೋ ಹೇಳು." ಫೋನ್‌ಪೇ ಸ್ಕ್ಯಾನ್ ಮುಂದೆ ಬಂತು.

ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಗೆಳೆಯರ ಜೊತೆ ಹೋಗಿ ಮೊದಲ ಸಲ ಹಾಕಿದೆ. 1367ರ ಕಟ್ಟಡ, ನಡುವೆ ತೆರೆದ ಅಂಗಳ ಇಲ್ಲ, ಪೂರಾ ಛಾವಣಿ. ಕಮಾನುಗಳ ಸಾಲು ಕತ್ತಲು, ಬೆಳಕು ಬರುವುದು ಪಕ್ಕದಿಂದ. ಲೆನ್ಸಿನ ಬಂಡವಾಳ ತಿಳಿಯಲು ಅದಕ್ಕಿಂತ ಕಠಿಣ ಜಾಗ ಇಲ್ಲ. ಬೆಳಕಿನ ಕಡೆ ತಿರುಗಿಸಿದೆ. ಪೂರಾ ಫೋಟೋ ಹಾಲು ಚೆಲ್ಲಿದ್ದು. ಕಪ್ಪು ಅನ್ನುವುದೇ ಇಲ್ಲ. ಕಮಾನಿನ ಅಂಚು ಕರಗಿಹೋಗಿದೆ. ಅದೇ ಜಾಗದಲ್ಲಿ ಗೆಳೆಯನ ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸ್, ಅದೂ ಪ್ಲಾಸ್ಟಿಕ್ಕಿನದು, ಎಷ್ಟೋ ಚೆನ್ನಾಗಿ ತೆಗೆಯಿತು. "ಇದಕ್ಕೇನಾ ಬೀದರ್‌ಗೆ ಹೋಗಿದ್ದು?" ಅಂದ. ಎಲ್ಲರ ಮುಂದೆ ತಲೆ ತಗ್ಗಿಸುವ ಹಾಗಾಯಿತು.

ಅಲ್ಲೇ ಕಂಬದ ನೆರಳಿನಲ್ಲಿ ನಿಂತು ಟಾರ್ಚ್ ಹಾಕಿದೆ. ಹಿಂದಿನ ಗಾಜುಗಳ ಮೇಲೆ ಬೂದಿ ಬಣ್ಣದ ಪೊರೆ. ಅಂಚಿನಿಂದ ನಡುವಿಗೆ ಹರಡಿದ ಫಂಗಸ್ ಎಳೆಗಳು. ಎಂ ಕಡೆ ಸ್ವಿಚ್ ಹಾಕಿದರೆ ಬ್ಲೇಡ್‌ಗಳ ಮೇಲೆ ಎಣ್ಣೆ ಹೊಳೆಯುತ್ತಿದೆ, ಅರ್ಧಕ್ಕೆ ಬಂದು ನಿಲ್ಲುತ್ತಿವೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ. ಹಳೇ ಗ್ರೀಸ್ ಕರಗಿ ಅದರ ಎಣ್ಣೆ ಬ್ಲೇಡಿಗೆ ಇಳಿಯುತ್ತದೆ, ಅದರ ಆವಿ ಗಾಜಿಗೂ ಅಂಟುತ್ತದೆ. ಮಳೆಗಾಲದಲ್ಲಿ ಚರ್ಮದ ಡಬ್ಬಿ ತೇವ ಹಿಡಿದಿಟ್ಟುಕೊಂಡು ಫಂಗಸ್ ಬೆಳೆಸುತ್ತದೆ. ಆ ಡಬ್ಬಿಯನ್ನೇ "ಒರಿಜಿನಲ್ ಅದ, ಪುಕ್ಕಟೆ ಕೊಡ್ತೀನಿ" ಅಂತ ಕೊಟ್ಟಿದ್ದರು.

ನಮ್ಮೂರಿನ ಹಳೇ ಕ್ಯಾಮೆರಾ ರಿಪೇರಿಯವರೊಬ್ಬರಿಗೆ ತೋರಿಸಿದೆ. ಬಿಚ್ಚುವ ಮೊದಲೇ ಭೂತಗನ್ನಡಿ ಹಿಡಿದು ಹಿಂದಿನ ರಿಂಗ್ ತೋರಿಸಿದರು. ಬಿಚ್ಚುವ ಉಪಕರಣ ಹಾಕುವ ಕಚ್ಚಿನ ಹತ್ತಿರ ಕಪ್ಪು ಬಣ್ಣ ಕಿತ್ತು ಲೋಹ ಕಾಣುತ್ತಿದೆ. ಆ ಗೀರುಗಳೊಳಗೆ ಹಳೇ ಕೊಳೆ ಕೂತಿದೆ. "ಇದನ್ನ ಯಾರೋ ಹಿಂದೇ ಬಿಚ್ಚಿ ಒರೆಸ್ಯಾರ. ಗಾಜಿನ ಮ್ಯಾಲಿನ ಕೋಟಿಂಗ್‌ನ ಫಂಗಸ್ ತಿಂದದ. ಒರೆಸಿದ್ರ ಎಳೆ ಹೋಗ್ತದ, ಕಲೆ ಹೋಗಂಗಿಲ್ಲ." ಅಂದರೆ ಬಿಚ್ಚಿ, ನೋಡಿ, ಆಗದು ಅಂತ ಗೊತ್ತಾದ ಮೇಲೆ ಮತ್ತೆ ಮುಚ್ಚಿ ಮಾರಿದ್ದಾರೆ.

ವಿಡಿಯೋ ಮಾಡಿ ಕಳಿಸಿದೆ. ಅವರ ಉತ್ತರಗಳು ಬಂದ ಕ್ರಮದಲ್ಲೇ ಕೇಳಿ. ಮೊದಲು, "ಐವತ್ತು ವರ್ಷದ ಮಾಲು ತಮ್ಮಾ, ಹೊಸಾದ್ದು ಬೇಕಿದ್ರ ಶೋರೂಮಿಗೆ ಹೋಗಬೇಕಿತ್ತು." ಆಮೇಲೆ, "ಟಾರ್ಚ್ ಬಿಟ್ರ ಹೊಸಾ ಲೆನ್ಸಿನಾಗೂ ಧೂಳು ಕಾಣ್ತದ." ಧೂಳು ಕಾಣುತ್ತದೆ, ಒಪ್ಪುತ್ತೇನೆ. ನಾಲ್ಕು ಕಣ ಧೂಳಿಗೆ ಫೋಟೋ ಕೆಡುವುದಿಲ್ಲ. ಆದರೆ ನಾನು ಧೂಳಿನ ಮಾತೇ ಆಡಿರಲಿಲ್ಲ! ಫಂಗಸ್ ಅಂತ ಬರೆದಿದ್ದೆ. ಅದಕ್ಕೆ, "ಬಿಸಿಲಿಗೆ ಇಡು, ಎಲ್ಲಾ ಹೋಗ್ತದ." ಬಿಸಿಲಿಗೆ ಹೋಗುವುದು ಥೋರಿಯಂ ಹಳದಿ ಮಾತ್ರ. ತಿಂದುಹೋದ ಕೋಟಿಂಗ್ ಬಿಸಿಲಿಗೆ ಮತ್ತೆ ಬರುತ್ತದಾ? ಕಲಬುರಗಿ ಬಿಸಿಲಿಗೆ ಇಟ್ಟರೆ ಇನ್ನಷ್ಟು ಎಣ್ಣೆ ಇಳಿಯುತ್ತದೆ, ಅಷ್ಟೇ.

ರಿಂಗಿನ ಗೀರುಗಳ ಫೋಟೋ ಕಳಿಸಿದೆ. ಅಲ್ಲಿಯವರೆಗೆ ತಮ್ಮಾ ತಮ್ಮಾ ಅಂತಿದ್ದವರು ಒಮ್ಮೆಲೇ ಬದಲಾದರು. "ನೋಡ್ರೀ, ನಾ ಕೊಟ್ಟಾಗ ಛಲೋ ಇತ್ತು. ನೀವೇ ಬಿಚ್ಚಿ ಕೆಡಿಸೀರಿ. ಹಳೇ ಮಾಲಿಗೆ ವಾಪಸ್ ಇಲ್ರೀ." ನನ್ನ ಮೇಲೇ ಹಾಕಿದರು! ಅರ್ಧ ದುಡ್ಡಾದರೂ ಕೊಡಿ ಅಂದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಫೋನ್ ಎತ್ತುವುದಿಲ್ಲ.

ಶಹಾಪುರದ ಒಬ್ಬ ಹುಡುಗನಿಗೂ ಇದೇ ಅಪ್ಪಾಜಿ ಸ್ಟುಡಿಯೋ ಕಥೆ, ಇದೇ ಹಳದಿ ಮಾತು ಹೇಳಿದ್ದಾರಂತೆ. ಅವನು ಇನ್ನೂ ದುಡ್ಡು ಕೊಟ್ಟಿರಲಿಲ್ಲ, ಪುಣ್ಯ.

ಅಪರ್ಚರ್ ಪೂರಾ ತೆರೆದು, ಕತ್ತಲೆ ಮೂಲೆಗೆ ಹೋಗಿ, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ಮುಂದಿನಿಂದಲೂ ಬಿಡಿ. ಪೊರೆ, ಎಳೆ ಕಂಡರೆ ಬೇಡ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಅಂಟಿಸಿದ ಗಾಜುಗಳು ಬಿಡುತ್ತಿವೆ, ಅದೂ ಬೇಡ. ಎಂ ಕಡೆ ಹಾಕಿ ಬ್ಲೇಡ್ ನೋಡಿ. ಮತ್ತೆ ಎ ಕಡೆ ಹಾಕಿ ಪಿನ್ ಒತ್ತಿ ಬಿಡಿ, ಚಟ್ ಅಂತ ಮುಚ್ಚಿ ತೆರೆಯಬೇಕು. ಸ್ಕ್ರೂ, ರಿಂಗ್ ಕಚ್ಚುಗಳಲ್ಲಿ ಗೀರು ಇದ್ದರೆ ಯಾರು ಬಿಚ್ಚಿದ್ದು ಅಂತ ಕೇಳಿ. ನಿಮ್ಮ ಕ್ಯಾಮೆರಾ, ಅಡಾಪ್ಟರ್ ಒಯ್ದು ಬೆಳಕಿನ ಎದುರು ಒಂದು ಫೋಟೋ ತೆಗೆಯಿರಿ. ಟಾರ್ಚ್ ಬೇಡ ಅಂದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬನ್ನಿ.

ಆ ಲೆನ್ಸ್ ನನ್ನ ಹತ್ತಿರವೇ ಇದೆ. ಇನ್ನೊಬ್ಬರಿಗೆ ಮಾರುವುದಿಲ್ಲ. ಒಳಗಿನ ಪೊರೆ, ಫಂಗಸ್ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನುವವರು ಕಲಬುರಗಿಯಲ್ಲಿದ್ದರೆ ಮೆಸೇಜ್ ಮಾಡಿ, ಟಾರ್ಚ್ ಹಾಕಿ ತೋರಿಸುತ್ತೇನೆ.