ತೇಪೆ ಗಡ್ಡಕ್ಕೆ ಕೂದಲು ನಾಟಿಯೋ, ಮಿನಾಕ್ಸಿಡಿಲ್ಲೋ?

ಮಳೆ ಕೈಕೊಟ್ಟ ವರ್ಷದ ತೊಗರಿ ಹೊಲದ ಹಾಗೆ ಅಲ್ಲಲ್ಲಿ ಮಾತ್ರ ಗಡ್ಡ. ಕಲಬುರಗಿಯ ಕಟಿಂಗ್ ಅಂಗಡಿಯಲ್ಲಿ ಕನ್ನಡಿ ಮುಂದೆ ಕೂತಾಗ ಇದು ಜಾಸ್ತಿ ಕಾಡುತ್ತದೆ, ಅಲ್ವಾ?

ವಯಸ್ಸು ಇನ್ನೂ 22 ಆಗಿದ್ದರೆ ಸುಮ್ನೆ ಕಾಯಿರಿ. 30ರ ಹತ್ತಿರ ಬರುವವರೆಗೂ ಗಡ್ಡ ದಟ್ಟವಾಗುವುದುಂಟು. ಇದ್ದ ಗಡ್ಡವೇ ನಾಣ್ಯದಷ್ಟು ಗುಂಡಗೆ ಉದುರಿದ್ದರೆ ಮಾತ್ರ ಮೊದಲು ಚರ್ಮದ ಡಾಕ್ಟರ್. ಅದು ಅಲೋಪೇಶಿಯಾ ಏರಿಯಾಟಾ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬೇರಿನ ಮೇಲೆ ತಿರುಗಿಬೀಳುವ ಕಾಯಿಲೆ ಇರಬಹುದು. ಅದರ ಮೇಲೆ ನೆಟ್ಟ ಕೂದಲೂ ಉದುರೀತು.

ಮಿನಾಕ್ಸಿಡಿಲ್ ನಾಟಿಗಿಂತ ಅಗ್ಗ. ಆದರೆ ಅದು ತಲೆಗೂದಲಿಗೆಂದು ಇರುವ ಔಷಧ, ಗಡ್ಡಕ್ಕೆ ಡಾಕ್ಟರನ್ನು ಕೇಳಿಯೇ ಹಚ್ಚಿ. ತಿಂಗಳುಗಟ್ಟಲೆ ಬಿಡದೆ ಹಚ್ಚಬೇಕು. ಚರ್ಮ ಒಣಗಿ ತುರಿಸಬಹುದು. ಮನೆಯಲ್ಲಿ ಬೆಕ್ಕಿದ್ದರೆ ಹುಷಾರು, ಅದಕ್ಕೆ ಇದು ವಿಷ.

ನಾಟಿಯ ಲೆಕ್ಕವೇ ಬೇರೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತಲೆಯ ಹಿಂಭಾಗದ ಕೂದಲನ್ನು ಬೇರುಸಮೇತ ತೆಗೆದು ಕೆನ್ನೆಗೆ ಕೂರಿಸುತ್ತಾರೆ. 2-3 ವಾರಕ್ಕೆ ನೆಟ್ಟ ಕೂದಲು ಉದುರುತ್ತದೆ. ಗಾಬರಿ ಬೇಡ, ಬೇರು ಒಳಗೇ ಇರುತ್ತದೆ. 3-4 ತಿಂಗಳಿಗೆ ಮತ್ತೆ ಚಿಗುರುತ್ತದೆ, ಪೂರ್ತಿ ಫಲಕ್ಕೆ ಸುಮಾರು ಒಂದು ವರ್ಷ. ಮುಂದಿನ ತಿಂಗಳ ಮದುವೆಗಂತೂ ಆಗದ ಮಾತು! ಕೋನ ತಪ್ಪಿದರೆ ಕೂದಲು ಜಾಲಿ ಮುಳ್ಳಿನಂತೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಯಂತ್ರದ ಹೆಸರು ಕೇಳಬೇಡಿ, ಕೂರಿಸುವ ಕೈ ಯಾರದು ಎಂದು ಕೇಳಿ. ಹೊಸ ಗಾಯಕ್ಕೆ ಬಿಸಿಲು, ಬೆವರು, ಧೂಳು ಆಗಿಬರುವುದಿಲ್ಲ. ನಮ್ಮ ಮೇ ತಿಂಗಳಿಗಿಂತ ಚಳಿಗಾಲವೇ ವಾಸಿ.

ಅಪ್ಪ, ಸೋದರಮಾವನ ತಲೆ ಬೋಳಾಗಿದ್ದರೆ ನಾನಂತೂ ಇನ್ನೊಮ್ಮೆ ಯೋಚಿಸುತ್ತೇನೆ. ಹಿಂದಲೆಯ ಕೂದಲು ಒಂದು ಸಲ ತೆಗೆದರೆ ಅಲ್ಲಿ ಮತ್ತೆ ಬೆಳೆಯದು, ನಾಳೆ ನೆತ್ತಿಗೂ ಅದೇ ಬೇಕಾದೀತು.