ಮೈಸೂರು ಸರಸ್ವತಿಪುರಂ ಎದೆ ಕ್ಲಿನಿಕ್: ಕೊನೆಗೂ ಒಬ್ರು ಅಪ್ಪನ ಕೆಲಸ ಏನು ಅಂತ ಕೇಳಿದ್ರು

ನಾವು ಪಾಂಡವಪುರ ತಾಲೂಕಿನವ್ರು, ಅಪ್ಪನಿಗೆ 71 ವರ್ಷ. ನಾಲ್ಕು ವರ್ಷದಿಂದ ಒಣಕೆಮ್ಮು, ಈಚೆಗೆ ಎರಡು ವರ್ಷದಿಂದ ದಮ್ಮು, ಗದ್ದೆಯಿಂದ ಮನೆಗೆ ಬರೋ ಏರಲ್ಲಿ ಎರಡು ಸಲ ನಿಂತು ಸುಧಾರಿಸ್ಕೋಬೇಕು. ಮೊದಲು ತೋರಿಸಿದ ಕಡೆ ಬೀಡಿ ಸೇದ್ತಿದ್ರಾ ಅಂತ ಕೇಳಿದ್ರು, ಅಪ್ಪ ಹೂಂ ಹಿಂದೆ ಸೇದ್ತಿದ್ದೆ ಅಂದ್ರು, ಅಲ್ಲಿಗೆ ಮುಗೀತು, ಇನ್ಹೇಲರ್ ಬರೆದು ಕಳಿಸಿದ್ರು. ಇನ್ನೊಂದು ಕಡೆ ಎಕ್ಸ್‌ರೇ ನೋಡಿ ಟಿಬಿ ಇರ್ಬೋದು ಅಂದ್ರು, ಕಫದಲ್ಲಿ ಏನೂ ಸಿಗದಿದ್ರೂ ಆರು ತಿಂಗಳು ಮಾತ್ರೆ ನುಂಗಿಸಿದ್ರು, ಅಪ್ಪ ಊಟ ಸೇರದೆ ಎಂಟು ಕೆಜಿ ಇಳಿದು ಹೋದ್ರು, ಕೆಮ್ಮು ಮಾತ್ರ ಹಾಗೇ ಇತ್ತು. ಆ ಆರು ತಿಂಗಳು ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಈ ಕ್ಲಿನಿಕ್ಕಿಗೆ ಬಂದಾಗ ಡಾಕ್ಟ್ರು ಫೈಲ್ ಪಕ್ಕಕ್ಕಿಟ್ಟು "ಯಜಮಾನ್ರೇ, ಏನ್ ಕೆಲಸ ಮಾಡ್ಕೊಂಡಿದ್ರಿ?" ಅಂದ್ರು. ಬೇಸಾಯ ಸ್ವಾಮಿ ಅಂದ್ರು ಅಪ್ಪ. ಅದಕ್ಕೂ ಮುಂಚೆ? "ನೇವಿ ಹಡಗು ರಿಪೇರಿ ಮಾಡೋ ಯಾರ್ಡಲ್ಲಿ ವೆಲ್ಡರ್ ಆಗಿದ್ದೆ, 78ರಲ್ಲಿ ಸೇರ್ಕಂಡೆ, 2014ರಲ್ಲಿ ರಿಟೈರಾಯ್ತು." ಬಾಯ್ಲರ್ ರೂಮಲ್ಲಿ ಕೆಲಸ ಇರ್ತಿತ್ತಾ ಅಂತ ಅವ್ರು ಕೇಳಿದ ತಕ್ಷಣ ಅಪ್ಪನ ಮಾತು ಶುರುವಾಯ್ತು, ಇಪ್ಪತ್ತು ನಿಮಿಷ ಆ ಯಾರ್ಡಿನ ವಿಷಯವೇ, ಹೊರಗೆ ಜನ ಕಾಯ್ತಿದ್ರೂ ಅವ್ರು ತಡೀಲಿಲ್ಲ.

ಇಷ್ಟು ವರ್ಷ ನಮಗೇ ಹೇಳದ ವಿಷಯಗಳು. ಸ್ಟೀಮ್ ಪೈಪಿಗೆಲ್ಲಾ ಆಸ್ಬೆಸ್ಟಾಸ್ ಇರೋ ಬಿಳೀ ಪುಡೀನ ನೀರಲ್ಲಿ ಕಲಸಿ ಮೆತ್ತಿ ಮೇಲೆ ಬಟ್ಟೆ ಸುತ್ತಿರ್ತಿದ್ರಂತೆ, ಲ್ಯಾಗಿಂಗ್ ಅಂತಾರೆ ಅದನ್ನ. ಹಡಗು ರೀಫಿಟ್‌ಗೆ, ಅಂದ್ರೆ ದೊಡ್ಡ ರಿಪೇರಿಗೆ ಬಂದಾಗ ಹಳೇದನ್ನ ಸುತ್ತಿಗೆ ಉಳಿಯಲ್ಲಿ ಕಿತ್ತು ಹಾಕೋರು, ಕೆಳಗಡೆ ಕಿಟಕಿ ಇಲ್ಲ ಗಾಳಿ ಇಲ್ಲ, ರಾಗಿ ಮಿಲ್ಲಲ್ಲಿ ನಿಂತ ಹಾಗೆ ಕೂದಲು ಹುಬ್ಬು ಎಲ್ಲಾ ಬೆಳ್ಳಗಾಗ್ತಿತ್ತಂತೆ. ವೆಲ್ಡಿಂಗ್ ಕಿಡಿ ಹಾರದ ಹಾಗೆ ಹೊದಿಸೋಕೆ ಕೊಟ್ಟಿದ್ದ ಬಟ್ಟೇನೂ ಆಸ್ಬೆಸ್ಟಾಸೇ, ಮಧ್ಯಾಹ್ನ ಊಟ ಆದ್ಮೇಲೆ ಅದನ್ನೇ ಮಡಿಸಿ ತಲೆದಿಂಬು ಮಾಡ್ಕೊಂಡು ಮಲಗ್ತಿದ್ರಂತೆ. "ನಾನ್ ಲ್ಯಾಗಿಂಗ್ ಮುಟ್ಟಿಲ್ಲ ಸ್ವಾಮಿ, ಪಕ್ಕದಲ್ಲಿ ವೆಲ್ಡಿಂಗ್ ಮಾಡ್ತಿದ್ದೆ ಅಷ್ಟೇಯ" ಅಂದ್ರು ಅಪ್ಪ. ಪಕ್ಕದಲ್ಲಿದ್ದ ವೆಲ್ಡರ್, ಎಲೆಕ್ಟ್ರಿಷಿಯನ್, ಪೇಂಟರ್ ಎಲ್ಲರೂ ಕುಡಿದಿದ್ದು ಅದೇ ಧೂಳು, ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಒಳಗೆ ಹೋದ್ಮೇಲೆ ಕರಗಲ್ಲ, ಸುತ್ತ ಶ್ವಾಸಕೋಶ ಗಾಯದ ಕಲೆ ಥರ ಗಟ್ಟಿ ಆಗ್ತಾ ಹೋಗುತ್ತೆ, ತೊಂದ್ರೆ ಕಾಣಿಸ್ಕೊಳ್ಳೋಕೆ 20, 30, ಕೆಲವೊಮ್ಮೆ 40 ವರ್ಷ ಹಿಡಿಯುತ್ತೆ ಅಂತ ಡಾಕ್ಟ್ರು ಬಿಡಿಸಿ ಹೇಳಿದ್ರು. ಕನ್ನಡದಲ್ಲಿ ಆಸ್ಬೆಸ್ಟಾಸಿಗೆ ಕಲ್ನಾರು ಅಂತಾರೆ, ಕಲ್ಲಿನ ನಾರು, ಹೆಸರಲ್ಲೇ ಎಲ್ಲಾ ಇದೆ. 2006ರಲ್ಲಿ ಫ್ರಾನ್ಸಿನ ಕ್ಲೆಮೆನ್ಸೋ ಯುದ್ಧನೌಕೆನ ಒಡೆಯೋಕೆ ಅಂತ ಗುಜರಾತಿನ ಅಲಂಗಿಗೆ ತರ್ತಿದ್ದಾಗ ಆಸ್ಬೆಸ್ಟಾಸ್ ಇದೆ ಅಂತ ಗಲಾಟೆ ಆಗಿ ಅವ್ರೇ ವಾಪಸ್ ಕರೆಸ್ಕೊಂಡ್ರಲ್ಲ, ಆ ಸುದ್ದಿ ಟಿವಿಲಿ ನೋಡಿದ್ದು ಅಪ್ಪನಿಗೆ ನೆನಪಿದೆ, ತನ್ನ ಎದೆಯೊಳಗೂ ಅದೇ ಇದೆ ಅಂತ ಮಾತ್ರ ಆವತ್ತು ಯಾರೂ ಹೇಳಿರಲಿಲ್ಲ.

ಟೆಸ್ಟ್ ವಿಷಯಕ್ಕೆ ಬರ್ತೀನಿ. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟು ನನಗೂ ಕೇಳಿಸಿದ್ರು, ಕಿವಿ ಹತ್ರ ಕೂದಲು ಉಜ್ಜಿದ ಹಾಗೆ ಸಣ್ಣಗೆ ಚರಚರ ಅನ್ನುತ್ತೆ, ಉಸಿರು ಎಳ್ಕೊಂಡಾಗ. ಊದೋ ಟೆಸ್ಟ್ ಅಲ್ಲೇ ಇದೆ, 900 ರೂಪಾಯಿ, ಅಲ್ಲಿನ ಹುಡುಗಿ ಮೂರು ಸಲ ತಾಳ್ಮೆಯಿಂದ ಊದಿಸಿದ್ಳು. ಶ್ವಾಸಕೋಶನ ಪದರ ಪದರವಾಗಿ ತೋರಿಸೋ ಎಚ್‌ಆರ್‌ಸಿಟಿ ಸ್ಕ್ಯಾನ್ ಮಾತ್ರ ಹೊರಗಡೆ ಮಾಡಿಸ್ಬೇಕು, 4,500 ಆಯ್ತು. ಚೀಟಿಲಿ ಬೋರಲು ಮಲಗಿಸಿಯೂ ತೆಗೀಬೇಕು ಅಂತ ಬರೆದಿದ್ರು, ಸ್ಕ್ಯಾನ್ ಸೆಂಟರಿನವ್ರು ಅಂಗಾತ ಮಾತ್ರ ಮಲಗಿಸಿ ಕಳಿಸೋಕೆ ನೋಡಿದ್ರು, ನಾನು ಫೋನ್ ಮಾಡಿದ್ದಕ್ಕೆ ಡಾಕ್ಟ್ರೇ ಅವರ ಹತ್ರ ಮಾತಾಡಿ ಮತ್ತೆ ಮಾಡಿಸಿದ್ರು. ಅಂಗಾತ ಮಲಗಿದ್ರೆ ಶ್ವಾಸಕೋಶದ ತಳದಲ್ಲಿ ಆರೋಗ್ಯವಂತರಿಗೂ ಸ್ವಲ್ಪ ಮಬ್ಬು ಕಾಣ್ಬೋದಂತೆ, ಬೋರಲು ಮಲಗಿದಾಗಲೂ ಆ ಮಬ್ಬು ಉಳಿದ್ರೆ ಅದು ನಿಜವಾದ ಕಲೆ. ಉಳೀತು. ಎರಡೂ ಕಡೆ ಕೆಳಗೆ ಗಟ್ಟಿ ಆಗಿದೆ, ಶ್ವಾಸಕೋಶದ ಹೊದಿಕೆ ಮೇಲೆ ಸುಣ್ಣ ಕಟ್ಟಿದ ಹಾಗೆ ಪ್ಲಾಕ್ ಅನ್ನೋ ಗಟ್ಟಿ ತೇಪೆಗಳಿವೆ. ಆಸ್ಬೆಸ್ಟೋಸಿಸ್, ಅಂದ್ರೆ ಕಲ್ನಾರು ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ.

ವಾಸಿ ಮಾಡೋ ಔಷಧಿ ಇಲ್ಲ ಅಂತ ನೇರವಾಗಿ ಹೇಳಿದ್ರು, ಆದ್ರೆ ಎದುರಿಗೆ ಕೂತು, ಅಪ್ಪನ ಕೈ ಹಿಡ್ಕೊಂಡು ಹೇಳಿದ್ರು. ಪ್ಲಾಕ್ ಅಂದ್ರೆ ಕ್ಯಾನ್ಸರ್ ಅಲ್ಲ, ಧೂಳು ಒಳಗೆ ಹೋಗಿದೆ ಅನ್ನೋದಕ್ಕೆ ಗುರುತು ಅಷ್ಟೇ, ಆದ್ರೂ ಮೀಸೋಥೀಲಿಯೋಮಾ ಅನ್ನೋ ಹೊದಿಕೆಯ ಕ್ಯಾನ್ಸರ್ ಇಂಥ ಕೆಲಸ ಮಾಡಿದೋರಿಗೆ ಬರೋ ಸಾಧ್ಯತೆ ಇರೋದ್ರಿಂದ ಬಿಡದೆ ಬಂದು ತೋರಿಸ್ತಿರ್ಬೇಕು. ಬೀಡಿ ಮತ್ತೆ ಈ ಧೂಳು ಎರಡೂ ಸೇರಿದ್ರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಎಷ್ಟೋ ಪಟ್ಟು ಜಾಸ್ತಿ, ಅಪ್ಪ 2009ರಲ್ಲೇ ಬಿಟ್ಟಿದ್ದು ಒಳ್ಳೇದಾಯ್ತು ಅಂದ್ರು. ಉಪಯೋಗ ಇಲ್ಲದ ಇನ್ಹೇಲರ್ ನಿಲ್ಲಿಸಿದ್ರು, ಫ್ಲೂ ಮತ್ತೆ ನ್ಯುಮೋನಿಯಾ ಲಸಿಕೆ ಹಾಕಿಸಿದ್ರು.

ಆಮೇಲೆ ಅಮ್ಮನ ಕಡೆ ತಿರುಗಿ "ಅವರ ಬಟ್ಟೆ ಯಾರು ಒಗೀತಿದ್ರು?" ಅಂದ್ರು. ಕ್ವಾರ್ಟರ್ಸಲ್ಲಿ ಇದ್ದಷ್ಟು ವರ್ಷ ಅಮ್ಮನೇ, ಒಗೆಯೋಕೆ ಮುಂಚೆ ಬಾಗಿಲಲ್ಲಿ ನಿಂತು ಧೂಳು ಕೊಡವ್ತಿದ್ರು. ಅಮ್ಮನಿಗೂ ಎಕ್ಸ್‌ರೇ ಬರೆದುಕೊಟ್ರು, ಸದ್ಯಕ್ಕೆ ಏನೂ ಇಲ್ಲ, ದೇವರು ದೊಡ್ಡೋನು.

ಇನ್ನೊಂದು ಮುಖ್ಯವಾದ್ದು. ಆಸ್ಬೆಸ್ಟೋಸಿಸ್ 1948ರ ಫ್ಯಾಕ್ಟರಿ ಕಾಯ್ದೆಯ ಮೂರನೇ ಶೆಡ್ಯೂಲಿನಲ್ಲಿತ್ತು, 2025ರ ನವೆಂಬರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯ ಪಟ್ಟಿಯಲ್ಲೂ ಇದೆ, ಅಂದ್ರೆ ಡಾಕ್ಟ್ರು ಕಂಡ್ರೆ ಸರ್ಕಾರಕ್ಕೆ ವರದಿ ಮಾಡಬೇಕಾದ ಕಾಯಿಲೆ. ಆ ವರದಿನ ಇವ್ರೇ ಬರೆದು ನಮಗೂ ಒಂದು ಕಾಪಿ ಕೊಟ್ರು. 1995ರಲ್ಲಿ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಾರ್ಮಿಕರ ಕೇಸಲ್ಲಿ ಕೆಲಸಗಾರರ ಆರೋಗ್ಯದ ದಾಖಲೆನ ಕೆಲಸಕ್ಕೆ ಸೇರಿದಾಗಿಂದ 40 ವರ್ಷ ಅಥವಾ ರಿಟೈರ್ ಆದ್ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತೋ ಅಲ್ಲೀವರೆಗೆ ಇಟ್ಕೊಂಡಿರ್ಬೇಕು ಅಂತ ಹೇಳಿದೆ. ಅಪ್ಪನ ಲೆಕ್ಕದಲ್ಲಿ 2029ರ ತನಕ. ಅದನ್ನೇ ಬರೆದು ದಾಖಲೆ ಕೇಳಿ ಯಾರ್ಡಿಗೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದೀವಿ.

ಕೊರತೆಗಳೂ ಇವೆ. ಮೊದಲ ಮಹಡಿ, ಲಿಫ್ಟ್ ಇಲ್ಲ, ದಮ್ಮಿರೋರೇ ಬರೋ ಜಾಗದಲ್ಲಿ ಹದಿನೆಂಟು ಮೆಟ್ಟಿಲು ಹತ್ಸೋದು ಖಂಡಿತಾ ತಪ್ಪು, ಇದನ್ನ ಅವರ ಮುಖಕ್ಕೇ ಹೇಳಿ ಬಂದಿದೀನಿ. ಟೋಕನ್ ತಗೊಂಡ್ರೂ ಎರಡು ಗಂಟೆ ಕಾಯ್ಬೇಕು, ಊರಿಂದ ಬರೋರು ಬೆಳಗ್ಗಿನ ರೈಲಿಗೇ ಬಂದ್ಬಿಡಿ. ಫೀಸು 600, ಹದಿನೈದು ದಿನದೊಳಗೆ ಮತ್ತೆ ಹೋದ್ರೆ ತಗೊಳ್ಳಲ್ಲ. ಹಳೇ ಎಕ್ಸ್‌ರೇ ಎಲ್ಲಾ ತನ್ನಿ, ಜೊತೆಗೆ ಯಾವ ವರ್ಷ ಎಲ್ಲಿ ಏನು ಕೆಲಸ ಮಾಡಿದ್ರಿ ಅಂತ ಒಂದು ಹಾಳೆಲಿ ಬರ್ಕೊಂಡು ಬನ್ನಿ, ಓದ್ತಾರೆ.

ಐದಕ್ಕೆ ನಾಲ್ಕು ಸ್ಟಾರ್, ಒಂದು ಕಮ್ಮಿ ಮಾಡಿದ್ದು ಆ ಮೆಟ್ಟಿಲಿಗೆ. ಅಪ್ಪನ ಜೊತೆ ಅದೇ ಯಾರ್ಡಲ್ಲಿದ್ದ ಮದ್ದೂರಿನ ಸ್ನೇಹಿತರೊಬ್ರು ಇದಾರೆ, ಅವ್ರು ಲ್ಯಾಗಿಂಗ್ ಕೆಲಸದೋರೇ, ವರ್ಷದಿಂದ ಕೆಮ್ತಾ ಇದಾರೆ, ಬೀಡಿದೇ ತೊಂದ್ರೆ ಅಂತ ಅವರಿಗೂ ಹೇಳಿ ಕಳಿಸಿದಾರಂತೆ. ಬರೋ ಗುರುವಾರಕ್ಕೆ ಅವರದ್ದೂ ಟೋಕನ್ ತಗೊಂಡಿದೀನಿ.