ಹಳೆಯ ಫೋನ್ ಲೈನಲ್ಲೇ ಬ್ರಾಡ್‌ಬ್ಯಾಂಡಾ, ಹೊಸ ಫೈಬರ್ರಾ?

ಮನೆಯಲ್ಲಿ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇದೆ. ಅದರಲ್ಲೇ ಇಂಟರ್ನೆಟ್ ಹಾಕಿಸೋದಾ, ಫೈಬರ್ (ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನೆಳೆಯ ಕೇಬಲ್) ಎಳೆಸೋದಾ? ನಿಮ್ಮ ಬೀದಿಗೆ ಫೈಬರ್ ಬಂದಿದ್ದರೆ ಜಾಸ್ತಿ ಯೋಚನೆ ಬೇಡ, ಅದನ್ನೇ ಹಾಕಿಸಿ.

ಹಳೆಯ ಫೋನ್ ಲೈನ್ ಅಂದರೆ ತಾಮ್ರದ ತಂತಿ, ಅದರಲ್ಲಿ ಎಕ್ಸ್‌ಚೇಂಜಿನಿಂದ ಮನೆಗಿರುವ ದೂರವೇ ಎಲ್ಲ. ಆ ತಂತಿಯಲ್ಲಿ ಇಂಟರ್ನೆಟ್ ತರುವ ಎಡಿಎಸ್‌ಎಲ್2+ ಎಂಬ ತಂತ್ರಜ್ಞಾನ ಕಾಗದದ ಲೆಕ್ಕದಲ್ಲಿ 24 ಎಂಬಿಪಿಎಸ್‌ವರೆಗೆ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗ) ಕೊಡುತ್ತದೆ. ಎಕ್ಸ್‌ಚೇಂಜ್ ಪಕ್ಕದಲ್ಲೇ ಇದ್ದರೆ ಅದರ ಹತ್ತಿರ ಬರಬಹುದು. ನಾಲ್ಕೈದು ಕಿಲೋಮೀಟರ್ ಆಚೆಯ ತೋಟದ ಮನೆಗೆ ಒಂದೆರಡು ಸಿಕ್ಕರೆ ಹೆಚ್ಚು. ಅಪ್‌ಲೋಡ್, ಅಂದರೆ ನಿಮ್ಮಿಂದ ಆಚೆ ಹೋಗುವ ವೇಗ, ಸಾಮಾನ್ಯವಾಗಿ 1 ಎಂಬಿಪಿಎಸ್ ಆಸುಪಾಸು. ವೀಡಿಯೊ ಕಾಲ್ ಮಾಡಿದರೆ ಮಕ್ಕಳ ಮುಖ ನಿಮಗೆ ಚೆನ್ನಾಗಿ ಕಾಣುತ್ತದೆ, ನಿಮ್ಮದು ಅವರಿಗೆ ಮಸುಕು.

ಫೈಬರಿಗೆ ಈ ದೂರದ ಕಾಟವಿಲ್ಲ. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಹೋಗಿ ಕರಕರ ಸದ್ದು ಬರುವುದೂ ಇಲ್ಲ. ಮರ ಬಿದ್ದು ತುಂಡಾದರೆ ಮಾತ್ರ ತಾಮ್ರದ ಹಾಗೆ ಕೈಯಲ್ಲಿ ಹೊಸೆದು ಜೋಡಿಸೋಕೆ ಆಗಲ್ಲ. ಕರೆಂಟ್ ಹೋದರೂ ಹಳೆಯ ಫೋನು ಮಾತಾಡುತ್ತದೆ, ಫೈಬರಿನ ಫೋನಿಗೆ ಯುಪಿಎಸ್ ಬೇಕು. ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಫೈಬರ್ ಬಾರದ ಊರಲ್ಲಿ ತಾಮ್ರವೇ ಗತಿ ಅಲ್ವಾ? ಹಾಗಿದ್ದರೆ ಒಂದೇ ತಂತಿಯಲ್ಲಿ ಬರುವ ಫೋನು, ಇಂಟರ್ನೆಟ್ ಎರಡನ್ನೂ ಬೇರ್ಪಡಿಸುವ ಪುಟ್ಟ ಡಬ್ಬಿ, ಸ್ಪ್ಲಿಟರ್, ಸರಿಯಾಗಿ ಹಾಕಿ. ಹೊರಗಿನ ತಂತಿ ‘ಲೈನ್’ ತೂತಿಗೆ, ಫೋನು, ಮೋಡೆಮ್ ತಮ್ಮ ತಮ್ಮ ತೂತಿಗೆ. ಅದೇ ಲೈನಿನಿಂದ ಒಳಕೋಣೆಗೆ ಎಳೆದ ಪ್ಯಾರಲಲ್ ಫೋನನ್ನು ಫಿಲ್ಟರ್ (ಇಂಟರ್ನೆಟ್ ಸಿಗ್ನಲ್ ಫೋನಿಗೆ ಹೋಗದಂತೆ ತಡೆಯುವ ಸಾಧನ) ಇಲ್ಲದೆ ಸಿಕ್ಕಿಸಿದ್ದರೆ, ರಿಂಗ್ ಆದಾಗ ನೆಟ್ ಕಡಿಯಬಹುದು. ಮೋಡೆಮ್ಮಿನ ಡಿಎಸ್‌ಎಲ್ ದೀಪ ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ ಲೈನ್ ಹಿಡಿದಿದೆ ಎಂದರ್ಥ. ಆಮೇಲೂ ನೆಟ್ ಬಾರದಿದ್ದರೆ ಮೋಡೆಮ್ಮಿನಲ್ಲಿ ಹಾಕಿದ ಬ್ರಾಡ್‌ಬ್ಯಾಂಡ್ ಯೂಸರ್‌ನೇಮ್, ಪಾಸ್‌ವರ್ಡ್ ಸರಿಯಿದೆಯೇ ನೋಡಿ.